ಎರಡು ತುಂಡು ತಂತಿ

ಕಳೆದ ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಪುಣೆಯಿಂದ ಊರಿಗೆ ಹೋಗಿದ್ದೆ. ತೀರ್ಥಹಳ್ಳಿ ಕಡೆಯ ಹಳೇ ಮನೆ. ಈಗ ಅಲ್ಲಿರುವುದು ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ. ಜಗಲಿಗೊಂದು ಫ್ಯಾನು ಹಾಕಿಸೋಣವೆಂದು ಮೀಟರ್ ಬೋರ್ಡಿನ ಮುಂದೆ ನಿಂತಾಗ ವಿಚಿತ್ರವೊಂದು ಕಂಡಿತು. ನಾಲ್ಕು ವರ್ಷದ ಹಿಂದೆ ನಾನೇ ಹಟ ಹಿಡಿದು ಹಾಕಿಸಿದ್ದ ಆರ್‌ಸಿಸಿಬಿಯ ಲಿವರ್ ಕೆಳಗೆ ಬಿದ್ದಿತ್ತು. ಊರಿನವರೆಲ್ಲ ಇವತ್ತಿಗೂ ಇಎಲ್‌ಸಿಬಿ ಎಂದೇ ಕರೆಯುವ ಆ ಅಗಲ ಸ್ವಿಚ್ಚು ಬಿತ್ತೆಂದರೆ ಇಡೀ ಮನೆಗೆ ಕರೆಂಟು ಇರಬಾರದು. ಆದರೆ ಒಳಗೆ ಫ್ರಿಜ್ಜು ಗುಂಯ್‌ಗುಡುತ್ತಿತ್ತು, ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು. ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿದೆ. ಎರಡು ತುಂಡು ತಂತಿ. ಒಳಬರುವ ಫೇಸಿನಿಂದ ಹೊರಹೋಗುವ ಫೇಸಿಗೆ ಒಂದು, ನ್ಯೂಟ್ರಲ್‌ನಿಂದ ನ್ಯೂಟ್ರಲ್‌ಗೆ ಇನ್ನೊಂದು. ಸ್ವಿಚ್ಚು ನಿಂತರೂ ಬಿದ್ದರೂ ಕರೆಂಟಿಗೆ ಅದರ ಹಂಗಿಲ್ಲ.

"ಏನ್ ಮಾಡಾದು ಮತ್ತೆ," ಅಂದರು ಚಿಕ್ಕಮ್ಮ. "ಗುಡುಗು ಬಂದ್ರೆ ಸಾಕು, ಅದು ಬೀಳ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡ್ಕೊಂಡು ಬಂದು ಎತ್ಬೇಕು. ಹೋದ್ವರ್ಷ ಮದುವೆ ಅಂತ ಎರಡು ದಿನ ಶಿವಮೊಗ್ಗಕ್ಕೆ ಹೋಗಿದ್ವಿ. ಬಂದು ನೋಡಿದ್ರೆ ನಿಮ್ಮ ಚಿಕ್ಕಪ್ಪನ ಇನ್ಸುಲಿನ್ ಎಲ್ಲಾ ಹಾಳು." ಎಲೆಕ್ಟ್ರಿಷಿಯನ್ ಬಂದವನು ಐದು ನಿಮಿಷದಲ್ಲಿ ತೊಂದರೆ ನಿವಾರಿಸಿ, ಕಾಫಿ ಕುಡಿದು ಹೋಗಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಾಳಾದ ಇನ್ಸುಲಿನ್ ಕಣ್ಣಿಗೆ ಕಾಣುತ್ತದೆ. ಆಗದೇ ಉಳಿದ ಸಾವು ಯಾರ ಕಣ್ಣಿಗೂ ಕಾಣುವುದಿಲ್ಲ.

ಪುಣೆಗೆ ಮರಳಿದ ಮೇಲೂ ಈ ಸ್ವಿಚ್ಚು ತಲೆಯಿಂದ ಇಳಿಯಲಿಲ್ಲ. ಮನುಷ್ಯನನ್ನು ಕಾಪಾಡಲೆಂದು ಮಾಡಿದ ಯಂತ್ರಕ್ಕೆ ಸಿಡಿಲು ಬಂದಾಗ ಏನಾಗುತ್ತದೆ? ಇದನ್ನು ಹುಡುಕುತ್ತ ಹೋದರೆ ಮೊದಲು ಸಿಕ್ಕವರು, ಚಿಕ್ಕಮ್ಮನ ದೂರನ್ನೇ 260 ವರ್ಷಕ್ಕೂ ಹಿಂದೆ ಹೇಳಿದ್ದ ಇನ್ನೊಬ್ಬ ಗೃಹಿಣಿ.

ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ 1752ರ ಸೆಪ್ಟೆಂಬರಿನಲ್ಲಿ ತನ್ನ ಮನೆಯ ಮೇಲೆ ಕಬ್ಬಿಣದ ಸರಳು ನಿಲ್ಲಿಸಿದ. ಅದರಿಂದ ಇಳಿದ ತಂತಿ ಮನೆಯ ಒಳಗೇ, ಮೆಟ್ಟಿಲ ಪಕ್ಕದಲ್ಲಿ ಹಾದು ನೆಲಕ್ಕೆ ಹೋಗುತ್ತಿತ್ತು. ಮಲಗುವ ಕೋಣೆಯ ಬಾಗಿಲ ಎದುರು ಆ ತಂತಿಯನ್ನು ಕತ್ತರಿಸಿ ಎರಡು ತುದಿಗೂ ಒಂದೊಂದು ಗಂಟೆ ಕಟ್ಟಿದ. ಅವುಗಳ ನಡುವೆ ರೇಷ್ಮೆ ದಾರದಲ್ಲಿ ಪುಟ್ಟ ಹಿತ್ತಾಳೆ ಗುಂಡು. ಮೋಡ ವಿದ್ಯುತ್ತು ಹೊತ್ತು ಮೇಲೆ ಬಂದರೆ ಗುಂಡು ಅತ್ತಿತ್ತ ಬಡಿದು ಗಂಟೆ ಬಾರಿಸುತ್ತಿತ್ತು. ಫ್ರಾಂಕ್ಲಿನ್‌ಗೆ ಖುಷಿ, ಪ್ರಯೋಗಕ್ಕೆ ಸಮಯವಾಯಿತೆಂದು ಓಡಿಬರಬಹುದು. ಆದರೆ ಅವನು ಲಂಡನ್ನಿಗೆ ಹೋಗಿ ಕೂತ ವರ್ಷಗಳಲ್ಲಿ ಗುಡುಗಿನ ರಾತ್ರಿ ಆ ಗಂಟೆ ಕೇಳುತ್ತ ಮನೆಯಲ್ಲಿದ್ದವಳು ಹೆಂಡತಿ ಡೆಬೊರಾ. ಅವಳ ಆತಂಕಕ್ಕೆ ಉತ್ತರವಾಗಿ 1758ರಲ್ಲಿ ಅವನು ಬರೆದ ಕಾಗದ ಉಳಿದಿದೆ. ಗಂಟೆಯ ಸದ್ದು ಹೆದರಿಸುತ್ತಿದ್ದರೆ ಒಂದು ಗಂಟೆಯಿಂದ ಇನ್ನೊಂದಕ್ಕೆ ತುಂಡು ತಂತಿ ಕಟ್ಟು, ಮಿಂಚು ಸದ್ದಿಲ್ಲದೆ ಇಳಿದುಹೋಗುತ್ತದೆ ಎಂಬುದು ಅವನ ಸಲಹೆಯ ಸಾರ.

ನಮ್ಮೂರ ಎಲೆಕ್ಟ್ರಿಷಿಯನ್ ಮಾಡಿದ್ದೂ ಮೇಲ್ನೋಟಕ್ಕೆ ಇದನ್ನೇ. ಆದರೆ ಫ್ರಾಂಕ್ಲಿನ್ ಹೇಳಿದ ತಂತಿಯಿಂದ ನಿಂತದ್ದು ಸದ್ದು ಮಾತ್ರ. ಸರಳು, ನೆಲದ ಸಂಪರ್ಕ ಎರಡೂ ಹಾಗೇ ಇದ್ದವು. ನೋಡಿದರೆ ಮನೆ ಇನ್ನಷ್ಟು ಭದ್ರವಾಯಿತು, ಏಕೆಂದರೆ ದಾರಿಯ ನಡುವಿನ ಬಿರುಕು ಮುಚ್ಚಿತು. ನೆಲದ ಸಂಪರ್ಕವಿಲ್ಲದ ಸರಳು ಏನು ಮಾಡುತ್ತದೆಂಬುದಕ್ಕೆ ಅದೇ ಕಾಲದ ಸಾಕ್ಷಿಯಿದೆ. ಸೇಂಟ್ ಪೀಟರ್ಸ್‌ಬರ್ಗಿನ ಪ್ರೊಫೆಸರ್ ಗಿಯೋರ್ಗ್ ರಿಚ್‌ಮನ್ ಚಾವಣಿಯ ಸರಳಿನಿಂದ ತಂತಿಯನ್ನು ಮನೆಯೊಳಗಿನ ಅಳತೆಯ ಉಪಕರಣಕ್ಕೆ ಎಳೆದಿದ್ದ, ನೆಲಕ್ಕೆ ಜೋಡಿಸಿರಲಿಲ್ಲ. 1753ರ ಆಗಸ್ಟಿನಲ್ಲಿ ಗುಡುಗು ಬಂದಾಗ ಅಳತೆ ನೋಡಲು ಬಗ್ಗಿದವನ ಹಣೆಗೆ ಕಿಡಿ ಹಾರಿ ಅಲ್ಲೇ ಸತ್ತ. ತಂತಿಯ ಮೂಲಕ ಮನೆಯೊಳಗೆ ಬಂದ ಸಿಡಿಲು ಆಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅಂದಿನಿಂದಲೂ ಇದೆ.

ಆಗ ಮನೆಗೆ ತಂತಿ ಎಳೆಯುವುದು ಇಂಥ ಒಬ್ಬಿಬ್ಬರ ಹುಚ್ಚಾಗಿತ್ತು. ಒಂದೂವರೆ ಶತಮಾನದಲ್ಲಿ ಅದು ಎಲ್ಲರ ಬದುಕಾಯಿತು. ನಮ್ಮ ಕಡೆ ಕರೆಂಟು ಮೊದಲು ಬಂದದ್ದು ಮನೆಗಲ್ಲ, ಚಿನ್ನಕ್ಕೆ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿದೀಪ ಉರಿದದ್ದು ಅದಾಗಿ ಮೂರು ವರ್ಷಕ್ಕೆ. ಚಿನ್ನದ ಗಣಿಯ ಮಾತು ಈ ಕಥೆಯಲ್ಲಿ ಮತ್ತೆ ಬರುತ್ತದೆ, ಬೇರೆ ಖಂಡದಲ್ಲಿ.

ಮನೆಗೆ ಕರೆಂಟು ಬಂದಾಗ ಕಾವಲಿಗೆ ಬಂದದ್ದು ಫ್ಯೂಸು. ನಂತರ ಮ್ಯಾನ್‌ಹೈಮ್‌ನ ಹ್ಯೂಗೊ ಸ್ಟಾಟ್ಜ್ ಕಂಪನಿ 1924ರಲ್ಲಿ ಪೇಟೆಂಟ್ ಪಡೆದ ಪುಟ್ಟ ಬ್ರೇಕರ್. ಇವತ್ತು ನಮ್ಮ ಬೋರ್ಡುಗಳಲ್ಲಿ ಸಾಲಾಗಿ ನಿಂತಿರುವ ಎಂಸಿಬಿಗಳ ಅಜ್ಜ. ಹೆಚ್ಚು ಕರೆಂಟು ಹರಿದರೆ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ, ಶಾರ್ಟ್ ಆದರೆ ಸುರುಳಿಯ ಅಯಸ್ಕಾಂತ ಎಳೆದು, ಇದು ಬೀಳುತ್ತದೆ. ಒಳ್ಳೆಯ ಯಂತ್ರವೇ. ಆದರೆ ಇದು ಕಾಯುವುದು ತಂತಿಯನ್ನು. 16 ಆಂಪಿಯರಿನ ಎಂಸಿಬಿಗೆ 16 ಆಂಪಿಯರ್ ಸಲೀಸು. ಮನುಷ್ಯನ ಎದೆಯ ಮೂಲಕ ಅದರ ನೂರನೇ ಒಂದು ಪಾಲು ಒಂದೆರಡು ಸೆಕೆಂಡು ಹರಿದರೆ ಹೃದಯ ತಾಳ ತಪ್ಪಬಹುದು.

ಮಲೆನಾಡಿನಂಥ ಕಡೆ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಹಳ್ಳಿಯ ಮನೆಯ ಅರ್ಥಿಂಗ್ ಎಂದರೆ ಹಿತ್ತಲಿನಲ್ಲಿ ಹೂತ ಒಂದು ಪೈಪು. ಇದ್ದಿಲು, ಉಪ್ಪು ಹಾಕಿ, ಮಳೆ ಬಂದರೆ ನೆನೆದು, ಬೇಸಿಗೆಯಲ್ಲಿ ಒಣಗಿ. ಗೀಸರಿನ ಮೈಗೆ ಫೇಸ್ ತಗುಲಿತು, ಆ ಕರೆಂಟು ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳುವ ದಾರಿಯ ಒಟ್ಟು ತಡೆ 20 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ನಿದ್ದೆಯಿಂದಲೂ ಏಳುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೇ ಕೂತಿರುತ್ತದೆ, ಯಾರಾದರೂ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟುವವರೆಗೆ. ಮಣ್ಣು ಅತ್ಯಂತ ಒಣಗಿ ಅರ್ಥಿಂಗ್ ಅತ್ಯಂತ ಕೆಟ್ಟಿರುವುದು ಬೇಸಿಗೆಯ ಕೊನೆಯಲ್ಲಿ. ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾಗುವುದೂ, ಜನ ಬೇಸತ್ತು ಆರ್‌ಸಿಸಿಬಿಯನ್ನು ತಂತಿ ಹಾಕಿ ದಾಟಿಸುವುದೂ ಸರಿಯಾಗಿ ಅದೇ ಹೊತ್ತಿಗೆ.

ತಂತಿಯನ್ನಲ್ಲದೆ ಮನುಷ್ಯನನ್ನು ಕಾಯುವ ಉಪಾಯದ ಬೀಜ ಹಳೆಯದು. ಹೋದಷ್ಟೇ ಕರೆಂಟು ಮರಳಿ ಬಂದಿದೆಯೇ ಎಂದು ಲೆಕ್ಕ ನೋಡುವುದು, ಅಷ್ಟೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ಕಬ್ಬಿಣದ ಬಳೆಯೊಳಗೆ ಹಾಯಿಸಿದರೆ ಹೋಗುವುದೂ ಬರುವುದೂ ಒಂದನ್ನೊಂದು ರದ್ದು ಮಾಡುತ್ತವೆ. ಎಲ್ಲೋ ಸೋರಿ ನೆಲಕ್ಕೆ ಹೋಯಿತೋ, ಲೆಕ್ಕ ತಪ್ಪಿ ಬಳೆಯಲ್ಲಿ ಅಯಸ್ಕಾಂತತೆ ಹುಟ್ಟುತ್ತದೆ, ಅದು ಸ್ವಿಚ್ಚನ್ನು ಬೀಳಿಸುತ್ತದೆ. ಜರ್ಮನಿಯ ಶುಕರ್ಟ್ ಕಂಪನಿ ಇಂಥ ತತ್ವಕ್ಕೆ 1903ರಲ್ಲೇ ಪೇಟೆಂಟ್ ಪಡೆದಿತ್ತು. ತೊಡಕಿದ್ದದ್ದು ಸೂಕ್ಷ್ಮತೆಯಲ್ಲಿ. ಅರ್ಧ ಶತಮಾನ ಕಳೆದರೂ ಇಂಥ ಏರ್ಪಾಡುಗಳು ಎಚ್ಚರಗೊಳ್ಳಲು 10 ಆಂಪಿಯರಿನಷ್ಟು ಸೋರಿಕೆ ಬೇಕಿತ್ತು. ಮನುಷ್ಯರ ಲೆಕ್ಕದಲ್ಲಿ ಅದಕ್ಕೆ ಅರ್ಥವಿಲ್ಲ. (ನಡುವೆ ಬಂದ ಇನ್ನೊಂದು ಜಾತಿಯದು ಲೋಹದ ಮೈ ಮತ್ತು ನೆಲದ ನಡುವಿನ ವೋಲ್ಟೇಜನ್ನು ನೋಡುತ್ತಿತ್ತು. ಇಎಲ್‌ಸಿಬಿ ಎಂಬ ಹೆಸರು ಜನರ ಬಾಯಲ್ಲಿ ಕೂತದ್ದು ಅದರ ಕಾಲದಿಂದ. ಹತ್ತಿರದಲ್ಲಿ ಸಿಡಿಲು ಬಡಿದು ನೆಲದ ವೋಲ್ಟೇಜ್ ಏರಿದರೆ ಅದೂ ಬೀಳುತ್ತಿತ್ತು.)

ಈಗ ಆ ಇನ್ನೊಂದು ಚಿನ್ನದ ಗಣಿ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತಲಿನ ಎತ್ತರದ ಬಯಲು ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿಗೆ ಹೆಸರಾದದ್ದು. ಅಲ್ಲಿನ ಗಣಿಗಳಲ್ಲಿ ಒದ್ದೆ ಸುರಂಗ, ಎಳೆದಾಡುವ ಕೇಬಲ್ಲು, ವಿದ್ಯುದಾಘಾತ ನಿತ್ಯದ ಭಯ. ಆನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ ಗಣಿಗಳಿಗಾಗಿ 250 ಮಿಲಿಆಂಪಿಯರಿಗೇ ಬೀಳುವ ಸಾಧನ ಮಾಡಿದ. 10 ಆಂಪಿಯರಿನಿಂದ ಇಲ್ಲಿಗೆ ನಲವತ್ತು ಪಟ್ಟು ಸೂಕ್ಷ್ಮ. ಸಾಲದೆಂದು 1956ರ ಹೊತ್ತಿಗೆ ಪೂರ್ತಿ ಬೇರೆ ತತ್ವದ ಮಾದರಿ ಕಟ್ಟಿದ. ಅದು 12.5ರಿಂದ 17.5 ಮಿಲಿಆಂಪಿಯರಿನ ನಡುವೆ ಬೀಳುವಂತೆ ಹೊಂದಿಸಬಹುದಾಗಿತ್ತು.

ಅದು ಮನೆಗೆ ಬಂದದ್ದು ಒಂದು ಸಾವಿನಿಂದ. ಸ್ಟಿಲ್‌ಫಾಂಟೇನ್ ಎಂಬ ಚಿನ್ನದ ಗಣಿಯ ಹಳ್ಳಿಯಲ್ಲಿ ಮಹಿಳೆಯೊಬ್ಬಳು ಮನೆಯಲ್ಲೇ ಕರೆಂಟು ತಗುಲಿ ತೀರಿಕೊಂಡಳು. ಆಮೇಲೆ 1957 ಮತ್ತು 58ರಲ್ಲಿ ಆ ಹಳ್ಳಿಯ ಕೆಲವು ನೂರು ಮನೆಗಳಿಗೆ 20 ಮಿಲಿಆಂಪಿಯರಿನ ಈ ಸಾಧನ ಹಾಕಿದರು. ಅವಳ ಹೆಸರನ್ನು ನಾನು ಓದಿದ ಕಡೆ ಯಾರೂ ಬರೆದಿಲ್ಲ. ರೂಬಿನ್‌ನ ಪೇಟೆಂಟ್ ನಂಬರ್ ಸಿಗುತ್ತದೆ. 1974ರ ಅಕ್ಟೋಬರಿನಿಂದ ಆ ದೇಶದಲ್ಲಿ ಮನೆಗಳಿಗೆ 30 ಮಿಲಿಆಂಪಿಯರ್ ಮೀರದ ಇಂಥ ರಕ್ಷಣೆ ಕಡ್ಡಾಯವಾಯಿತು.

ಎಷ್ಟು ಕರೆಂಟು, ಎಷ್ಟು ಹೊತ್ತು ಹರಿದರೆ ಮನುಷ್ಯ ಉಳಿಯುತ್ತಾನೆ ಎಂಬ ಲೆಕ್ಕವನ್ನು ಕೊಟ್ಟವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಚಾರ್ಲ್ಸ್ ಡಾಲ್‌ಜೀಲ್. 134 ಗಂಡಸರು, 28 ಹೆಂಗಸರು ಅವನ ಪ್ರಯೋಗಕ್ಕೆ ತಾವಾಗಿ ಬಂದರು. ಕೈಯಲ್ಲಿ ತಂತಿ ಹಿಡಿಸಿ, ಕರೆಂಟು ಏರಿಸುತ್ತ ಹೋಗಿ, ಯಾವ ಹಂತದಲ್ಲಿ ಸ್ನಾಯು ಬಿಗಿದು ಹಿಡಿತ ಬಿಡಲಾಗುವುದಿಲ್ಲ ಎಂದು ಅಳೆದ. ಸರಾಸರಿ ಗಂಡಸರಿಗೆ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ನಮ್ಮ ಬಾತ್‌ರೂಮಿನ 30 ಮಿಲಿಆಂಪಿಯರ್ ಇದಕ್ಕಿಂತ ಹೆಚ್ಚು, ಗಮನಿಸಿ. ಅದು ಹಿಡಿತವನ್ನು ಬಿಡಿಸುವ ಭರವಸೆ ಕೊಡುವುದಿಲ್ಲ. ಹೃದಯ ಕಂಪಿಸುವ ಮೊದಲು ಕರೆಂಟು ಕಡಿಯುವ ಭರವಸೆ ಕೊಡುತ್ತದೆ. ಡಾಲ್‌ಜೀಲ್ 1961ರಲ್ಲಿ ಅಮೆರಿಕಕ್ಕಾಗಿ ರೂಪಿಸಿದ ಟ್ರಾನ್ಸಿಸ್ಟರ್ ಸಾಧನದ ಸಂತತಿ ಇವತ್ತು ಅಲ್ಲಿ 5 ಮಿಲಿಆಂಪಿಯರಿನ ಆಸುಪಾಸಿಗೇ ಬೀಳುತ್ತದೆ.

ಇಷ್ಟು ಸೂಕ್ಷ್ಮವಾದದ್ದರ ಮೇಲೆ ಸಿಡಿಲಿನ ಕೆಲಸ ಸುಲಭ. ಸಿಡಿಲು ಮನೆಗೇ ಬಡಿಯಬೇಕಿಲ್ಲ. ತೋಟದಾಚೆ ಎಲ್ಲೋ ಬಿದ್ದರೂ ಕಂಬದ ತಂತಿಗಳಲ್ಲಿ ವೋಲ್ಟೇಜಿನ ಅಲೆ ಏಳುತ್ತದೆ. ಫೇಸ್ ನ್ಯೂಟ್ರಲ್ ಎರಡೂ ಒಟ್ಟಿಗೆ ಮೇಲೇರಿ ಮನೆಯೊಳಗೆ ನುಗ್ಗಿ ನೆಲಕ್ಕೆ ದಾರಿ ಹುಡುಕುತ್ತವೆ. ದಾರಿ ಮಾಡಿಟ್ಟವರು ನಾವೇ. ವಾಷಿಂಗ್ ಮೆಷಿನ್ನು, ಮೈಕ್ರೊವೇವು, ಇನ್ವರ್ಟರ್ ಏಸಿ, ಡೆಸ್ಕ್‌ಟಾಪು, ಮೂರು ಪಿನ್ನಿನ ಬಹುತೇಕ ಆಧುನಿಕ ಸಾಮಾನಿನೊಳಗೂ ರೇಡಿಯೊ ಗದ್ದಲ ಸೋಸಲು ತಂತಿಯಿಂದ ಅರ್ಥ್‌ಗೆ ಪುಟ್ಟ ಕೆಪಾಸಿಟರುಗಳಿವೆ. ಗೋಡೆಯೊಳಗಿನ ಉದ್ದ ವೈರಿಂಗೂ ಒಂದು ಕೆಪಾಸಿಟರೇ. ಎಲ್ಲ ಸೇರಿ 10 ನ್ಯಾನೊಫ್ಯಾರಡ್ ಎನ್ನಿ. ಮಾಮೂಲು 230 ವೋಲ್ಟಿಗೆ, 50 ಹರ್ಟ್ಜಿಗೆ ಅದರಿಂದ ಸೋರುವುದು 0.7 ಮಿಲಿಆಂಪಿಯರ್, ಲೆಕ್ಕಕ್ಕೇ ಇಲ್ಲ. ಆದರೆ ಕೆಪಾಸಿಟರಿನ ಸ್ವಭಾವ, ವೋಲ್ಟೇಜ್ ಎಷ್ಟು ವೇಗವಾಗಿ ಏರುತ್ತದೋ ಅಷ್ಟು ಕರೆಂಟು ಬಿಡುವುದು. ಸಿಡಿಲಿನ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ 1000 ವೋಲ್ಟ್ ಏರಿತೆಂದರೆ ಅದೇ 10 ನ್ಯಾನೊಫ್ಯಾರಡಿನಿಂದ ನೆಲಕ್ಕೆ ಹರಿಯುವುದು 10 ಆಂಪಿಯರ್. 30 ಮಿಲಿಆಂಪಿಯರಿನ ಮುನ್ನೂರು ಪಟ್ಟಿಗೂ ಮಿಕ್ಕು.

ಬಳೆ ಲೆಕ್ಕ ನೋಡುತ್ತದೆ: ಹೋದದ್ದು ಮರಳಿ ಬಂದಿಲ್ಲ. ಬೀಳಿಸುತ್ತದೆ. ಅದರ ತಪ್ಪೇನಿಲ್ಲ, ಸೋರಿಕೆ ನಿಜವಾಗಿಯೂ ಆಗಿದೆ. ಲಿವರ್ ಕೆಳಗೆ ಬರುವಷ್ಟರಲ್ಲಿ ಸಿಡಿಲಿನ ಅಲೆ ಬಂದು, ಹರಿದು, ಮುಗಿದೂ ಹೋಗಿರುತ್ತದೆ. ಹಾಗಾಗಿ ಈ ಬೀಳುವಿಕೆಯಿಂದ ಟೀವಿಯೂ ಉಳಿಯುವುದಿಲ್ಲ. ಸಿಡಿಲಿನಿಂದ ಸಾಮಾನು ಕಾಪಾಡಲೆಂದು ಇದನ್ನು ಮಾಡಿದ್ದೇ ಅಲ್ಲ.

ಈ ಕಿರಿಕಿರಿಯನ್ನು ಗಂಭೀರವಾಗಿ ತೆಗೆದುಕೊಂಡವರು ಆಸ್ಟ್ರಿಯಾದವರು. ಆಲ್ಪ್ಸ್ ಬೆಟ್ಟಗಳ ನಾಡು. ಕಣಿವೆಯ ಒಂಟಿ ಮನೆಗಳು, ಕಂಬದ ಮೇಲಿನ ತಂತಿ, ಬೇಸಿಗೆಯ ಗುಡುಗು. ಹೇಳಿದರೆ ನಮ್ಮ ಮಲೆನಾಡೇ. ಗಾಟ್‌ಫ್ರೀಡ್ ಬೀಗಲ್‌ಮಯರ್ 1950ರ ದಶಕದಲ್ಲಿ ಅಲ್ಲಿ ಈ ಸ್ವಿಚ್ಚನ್ನು ಬೆಳೆಸಿದವರಲ್ಲಿ ಪ್ರಮುಖ. ಮನುಷ್ಯ ದೇಹದ ತಡೆ ಎಷ್ಟೆಂದು ತಿಳಿಯಲು ತನ್ನ ಮೈಮೂಲಕವೇ ಕರೆಂಟು ಹಾಯಿಸಿಕೊಂಡು ಅಳೆದ ಮನುಷ್ಯ. ಅಲ್ಲಿಯೂ ಸ್ವಿಚ್ಚುಗಳು ಗುಡುಗಿಗೆ ಬೀಳುತ್ತಿದ್ದವು. ರಜೆಗೆ ಹೋದವರು ಮರಳಿ ಬಂದು ಫ್ರೀಜರ್ ತೆರೆದರೆ ಒಳಗೆ ಕೊಳೆತ ಮಾಂಸ. ಚಿಕ್ಕಮ್ಮನ ಇನ್ಸುಲಿನ್ನಿನ ಕಥೆಯೇ, ಬೇರೆ ಭಾಷೆಯಲ್ಲಿ.

ಅವರು ಕಂಡುಕೊಂಡ ಉತ್ತರ: ಸ್ವಲ್ಪ ಕಾಯುವುದು. ಸಿಡಿಲಿನ ಅಲೆ ಮೈಕ್ರೊಸೆಕೆಂಡುಗಳ ವ್ಯವಹಾರ. ಹೃದಯದ್ದು ಹಾಗಲ್ಲ, ಅದಕ್ಕೆ ಅಪಾಯ ತಟ್ಟುವುದು ಕರೆಂಟು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹರಿದರೆ. ಆದ್ದರಿಂದ ಸೋರಿಕೆ ಕಂಡ ತಕ್ಷಣ ಬೀಳದೆ 10 ಮಿಲಿಸೆಕೆಂಡು, ಅಂದರೆ 50 ಹರ್ಟ್ಜ್ ಕರೆಂಟಿನ ಅರ್ಧ ಸುತ್ತು, ಸುಮ್ಮನಿರುವುದು. ಆಮೇಲೂ ಸೋರುತ್ತಿದ್ದರೆ ಬೀಳುವುದು. ಸಾಮಾನ್ಯ ಸ್ವಿಚ್ಚಿಗೆ ನಿಯಮ ಕೊಡುವ ಗಡುವು, ನಿಗದಿತ ಸೋರಿಕೆಗೆ 300 ಮಿಲಿಸೆಕೆಂಡು, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡು. ಹತ್ತು ಕಾದರೂ ಈ ಗಡುವು ಮೀರುವುದಿಲ್ಲ. ಮನುಷ್ಯನ ಪಾಲಿಗೆ ಯಾವ ನಷ್ಟವೂ ಇಲ್ಲ. ಆಸ್ಟ್ರಿಯಾದಲ್ಲಿ ಇಂಥವುಗಳ ಮೇಲೆ 'ಜಿ' ಅಕ್ಷರ ಒತ್ತುತ್ತಾರೆ. ಜರ್ಮನ್ ಭಾಷೆಯಲ್ಲಿ ಗುಡುಗುಮಳೆಗೆ ಗೆವಿಟ್ಟರ್ ಎನ್ನುತ್ತಾರೆ. 3000 ಆಂಪಿಯರಿನ ಕ್ಷಣಿಕ ಅಲೆ ಹಾಯಿಸಿದರೂ ಇವು ಬೀಳಬಾರದು. ಫ್ರಾಂಕ್ಲಿನ್ ಗಂಟೆಗಳ ನಡುವೆ ಕಟ್ಟಿಸಿದ ತಂತಿಯ ನಿಜವಾದ ವಾರಸುದಾರ ಇದು. ಸದ್ದು ನಿಂತಿತು, ಕಾವಲು ಉಳಿಯಿತು.

ನಮ್ಮ ದೇಶದ ನಿಯಮಗಳಲ್ಲೂ ಭೂಸೋರಿಕೆ ರಕ್ಷಣೆಯ ಮಾತಿದೆ. 1956ರ ನಿಯಮಗಳಿಗೆ ಆಮೇಲೆ ಸೇರಿದ 61-ಎ, ನಂತರ 2023ರವರೆಗೆ ಜಾರಿಯಲ್ಲಿದ್ದ 2010ರ ಸುರಕ್ಷತಾ ನಿಯಮಗಳು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ನಾನು ವಿಚಾರಿಸಿದ ಅಂಗಡಿಗಳಲ್ಲಿ ಕೌಂಟರಿನಾಚೆಯಿಂದ ಬಂದ ಪರಿಹಾರವೇ ಬೇರೆ: "ಪದೇ ಪದೇ ಬೀಳ್ತದಾ? 100 ತಗೊಂಡು ಹೋಗಿ, 300 ಇದೆ ಬೇಕಾದ್ರೆ." 300 ಮಿಲಿಆಂಪಿಯರಿನದು ಸೋರಿಕೆಯಿಂದ ಬೆಂಕಿ ಹತ್ತದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಇದೂ ಒಂದು ಬಗೆಯ ತುಂಡು ತಂತಿಯೇ, ಬಿಲ್ಲಿನ ಸಮೇತ. ಸಿಡಿಲಿನ ಅಲೆಗೆ ಜಗ್ಗದ 30 ಮಿಲಿಆಂಪಿಯರಿನ ಸ್ವಿಚ್ಚುಗಳೂ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ, ಆದರೆ ಕೇಳಿ ತರಿಸಬೇಕು, ದುಡ್ಡೂ ಹೆಚ್ಚು.

ಪುಣೆಯಿಂದಲೇ ಅಂಥದೊಂದನ್ನು ತರಿಸಿ ಗಣೇಶನ ಹಬ್ಬಕ್ಕೆ ಹೋದಾಗ ಒಯ್ದೆ. ಅದೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವನಿಗಿಂತ ಚೆನ್ನಾಗಿ ಆ ಮನೆಯ ವೈರಿಂಗ್ ಬಲ್ಲವರಿಲ್ಲ. ಫ್ರಿಜ್ಜಿನ ಲೈನನ್ನು ಬೇರೆ ಮಾಡಿ ಅದಕ್ಕೆ ಈ ಹೊಸದು, ಬಚ್ಚಲು ಪಂಪು ಮತ್ತು ಉಳಿದ ಮನೆಗೆ ಹಳೆಯದೇ. ಸಿಡಿಲಿನ ಅಲೆಯನ್ನು ನೆಲಕ್ಕೆ ತಿರುಗಿಸುವ ಸಾಧನವನ್ನು ಎರಡಕ್ಕೂ ಮೊದಲೇ, ಮೇನ್ ಬಳಿ ಕೂರಿಸಿದೆವು. ಅದನ್ನು ಆರ್‌ಸಿಸಿಬಿಯ ಆಚೆ ಹಾಕಿದರೆ ಅದು ನೆಲಕ್ಕೆ ಬಿಟ್ಟದ್ದೆಲ್ಲ ಮತ್ತೆ ಸೋರಿಕೆಯ ಲೆಕ್ಕಕ್ಕೇ ಬರುತ್ತದೆ. ಹಿತ್ತಲಿನಲ್ಲಿ ಹೊಸ ಅರ್ಥ್ ಗುಂಡಿ ತೋಡುವಾಗ ಚಿಕ್ಕಪ್ಪ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಇಷ್ಟು ಆಳ ಬಾವಿಗೂ ತೋಡಿರಲಿಲ್ಲ ಎಂದರು. ಎಲೆಕ್ಟ್ರಿಷಿಯನ್ ಆ ಎರಡು ತುಂಡು ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಹೊಸ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿದ. ಟಕ್ ಎಂದು ಬಿತ್ತು. "ಇದೂ ಬೀಳ್ತದಲ್ಲ ಮಾರಾಯಾ!" ಎಂದು ಚಿಕ್ಕಮ್ಮ ಒಳಗಿಂದ ಕೂಗಿದರು.

ಅಕ್ಟೋಬರಿನ ಹಿಂಗಾರು ಗುಡುಗಿನ ರಾತ್ರಿ ಅವರ ಫೋನು ಬಂತು. ಹಳೇ ಸ್ವಿಚ್ಚು ಬಿದ್ದಿದೆಯಂತೆ, ಲೈಟು ಹೋಗಿದೆಯಂತೆ, ಬೆಳಗ್ಗೆ ಎತ್ತಿದರಾಯಿತಂತೆ. ಕತ್ತಲಲ್ಲಿ ಫ್ರಿಜ್ಜು ಗುಂಯ್‌ಗುಡುವುದು ಇತ್ತ ನನಗೂ ಕೇಳುತ್ತಿತ್ತು.